ಹಳೆಯ ಕುಪ್ಪಸಗಳ ಕಾಲನಿರ್ಣಯ: ಒಂದು ವಿಮರ್ಶೆ

ಗೋಕಾಕ, ಹುಕ್ಕೇರಿ, ಮೂಡಲಗಿ ಪ್ರದೇಶದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಖಣದ ಕುಪ್ಪಸವೊಂದು ದೊರೆತಾಗ ಅದನ್ನು ‘ಇನ್ನೂರು ವರ್ಷದ್ದು’ ಎಂದು ಕರೆದುಬಿಡುವ ರೂಢಿ ಬಲವಾಗಿದೆ. ಹೀಗೆ ಹೇಳುವವರು ಮೊದಲು ಹಿಡಿಯುವ ಆಧಾರವು ಹೆಸರಿನ ಪ್ರಾಚೀನತೆ. ‘ಕೂರ್ಪಾಸಕ’ ಎಂಬ ಶಬ್ದವು ಅಮರಕೋಶದಲ್ಲಿಯೇ ಇದೆಯೆಂಬುದು ನಿಜ. ಆದರೆ ಶಬ್ದವು ಹಳೆಯದಾದ ಮಾತ್ರಕ್ಕೆ ಪೆಟ್ಟಿಗೆಯೊಳಗಿನ ಉಡುಪು ಹಳೆಯದಾಗಲಾರದು.

ಎರಡನೆಯ ಆಧಾರವು ನೆಯ್ಗೆಯ ಚಿತ್ತಾರ. ಇದು ಮತ್ತಷ್ಟು ಮೋಸಗೊಳಿಸತಕ್ಕದ್ದು. ಗುಳೇದಗುಡ್ಡದ ಖಣಗಳಲ್ಲಿ ತೇರು, ಆನೆಹೆಜ್ಜೆ ಮೊದಲಾದ ಮಾದರಿಗಳನ್ನು ತಲೆಮಾರುಗಳಿಂದ ನೇಯುತ್ತ ಬಂದಿದ್ದಾರೆ. ಅಜ್ಜಿಯ ತೇರಿಗೂ ಮೊಮ್ಮಗಳ ತೇರಿಗೂ ಕಣ್ಣಿಗೆ ಭೇದ ತೋರುವುದು ಕಠಿನ. ಇದಲ್ಲದೆ, ಉಡಿ ತುಂಬುವಾಗ ಬಂದ ಖಣವು ಹೊಲಿಗೆಯಾಗದೆ ವರ್ಷಗಟ್ಟಲೆ ಮಡಿಕೆಯಲ್ಲಿಯೇ ಇರುವುದುಂಟು. ಆದುದರಿಂದ ಬಟ್ಟೆಯ ವಯಸ್ಸು ಬೇರೆ, ಕುಪ್ಪಸದ ವಯಸ್ಸು ಬೇರೆ. ಹೊಲಿದ ಕುಪ್ಪಸದ ಅಂದಕ್ಕೆ ಹೊಂದದ ಗೆರೆಯೊಂದರ ಮೇಲೆ ಬಣ್ಣವು ಮಾಸಿದ್ದರೆ, ಅದು ಹೊಲಿಗೆಗೆ ಮೊದಲಿನ ಮಡಿಕೆಯ ಗುರುತಾಗಿರಬಹುದು.

ಯುರೋಪಿನ ಕಾರ್ಸೆಟ್ಟುಗಳ ಪರೀಕ್ಷಕರಿಗೆ ಈ ತೊಡಕು ಅಷ್ಟಾಗಿಲ್ಲ. ಅಲ್ಲಿ ಲೋಹವೇ ಸಾಕ್ಷಿ ನುಡಿಯುತ್ತದೆ. ದಾರ ಪೋಣಿಸುವ ತೂತುಗಳಿಗೆ ಲೋಹದ ಬಳೆಗಳು 1820ರ ದಶಕದಲ್ಲಿ ಬಂದವು. ಎದುರಿನಲ್ಲಿ ಬಿಚ್ಚಿ ಹಾಕುವ ಉಕ್ಕಿನ ಪಟ್ಟಿಗಳು 1850ರ ಆಸುಪಾಸಿಗೆ ಬಳಕೆಗೆ ಬಂದವು. ನಮ್ಮ ಹಳೆಯ ಕುಪ್ಪಸದಲ್ಲಾದರೋ ಎದೆಯ ಕೆಳಗೆ ಎರಡು ತುದಿಗಳನ್ನು ಸೇರಿಸಿ ಹಾಕಿದ ಗಂಟು ಮಾತ್ರವಿದೆ. ಗಂಟಿಗೆ ಪೇಟೆಂಟಿನ ವರ್ಷವಿಲ್ಲ! ಹೀಗಾಗಿ ಅಲ್ಲಿಯ ಕ್ರಮವನ್ನು ಹಾಗೆಯೇ ಇಲ್ಲಿಗೆ ತರುವುದು ಸಲ್ಲದು.

ಆದರೂ ಹೊಲಿಗೆಯಿಂದ ಕೆಲವು ಮಾತುಗಳನ್ನು ನಿಶ್ಚಯವಾಗಿ ಹೇಳಬಹುದು. ಸಿಂಗರ್ ಯಂತ್ರಕ್ಕೆ ಪೇಟೆಂಟು ದೊರೆತದ್ದು 1851ರಲ್ಲಿ. ಮೇಲಿನ ಎಳೆಯೂ ಕೆಳಗಿನ ಎಳೆಯೂ ಬಟ್ಟೆಯ ನಡುವೆ ಒಂದನ್ನೊಂದು ಹಿಡಿದಿರುವ ಯಂತ್ರದ ಹೊಲಿಗೆಯಿದ್ದ ಕುಪ್ಪಸವು ಹತ್ತೊಂಬತ್ತನೆಯ ಶತಮಾನದ ಮೊದಲಿನ ಅರ್ಧಕ್ಕೆ ಸೇರಲಾರದು. ಇದರ ವಿಪರ್ಯಾಸವು ಸಿದ್ಧವಲ್ಲ: ಯಂತ್ರ ಬಂದ ಬಳಿಕವೂ ಕೈಹೊಲಿಗೆ ನಿಲ್ಲಲಿಲ್ಲವಾದ್ದರಿಂದ ಕೈಹೊಲಿಗೆಯೊಂದೇ ಪ್ರಾಚೀನತೆಯ ಪ್ರಮಾಣವಲ್ಲ. ಮೇಲಾಗಿ ಕಂಕುಳಿನ ತುಂಡು ಬೆವರಿಗೆ ಬೇಗ ಜೀರ್ಣವಾಗುವುದರಿಂದ ಅದನ್ನು ಬದಲಿಸಿರುವ ಸಂಭವ ಹೆಚ್ಚು. ಅಲ್ಲಿಯ ಯಂತ್ರದ ಹೊಲಿಗೆಯನ್ನು ನೋಡಿ ಇಡೀ ಕುಪ್ಪಸವನ್ನು ಈಚಿನದೆನ್ನುವುದು ಅವಸರದ ತೀರ್ಪು. ಭುಜದ ಹೊಲಿಗೆ, ತೋಳಿನ ಅಂಚು, ಕಂಕುಳು ಇವನ್ನು ಬೇರೆಬೇರೆಯಾಗಿ ನೋಡಬೇಕು.

ಬಣ್ಣದ ವಿಷಯದಲ್ಲಿ ಕಣ್ಣನ್ನು ನಂಬಲಾಗದು. ಮಂಜಿಷ್ಠದ ಜಾತಿಯ ಬೇರುಗಳ ಕೆಂಪಿನಲ್ಲಿರುವ ಅಲಿಝರಿನ್ ಎಂಬ ದ್ರವ್ಯವನ್ನೇ ರಸಾಯನಜ್ಞರು 1868ರಲ್ಲಿ ಕೃತಕವಾಗಿ ಮಾಡಿದರು. ಇವೆರಡನ್ನು ಬೇರ್ಪಡಿಸಲು ಪ್ರಯೋಗಶಾಲೆ ಬೇಕು. ಕೃತಕ ರೇಷ್ಮೆಯ ಪರೀಕ್ಷೆ ಮಾತ್ರ ಸುಲಭ. ಹೊಲಿಗೆಯ ಒಳಗಿನ ಒಂದು ಎಳೆಯನ್ನು ಸುಟ್ಟರೆ ನಿಜವಾದ ರೇಷ್ಮೆಯು ಕೂದಲಿನಂತೆಯೂ, ರೇಯಾನ್ ಕಾಗದದಂತೆಯೂ ನಾರುವುದು. ಮೂಲ ನೆಯ್ಗೆಯಲ್ಲಿಯೇ ರೇಯಾನ್ ಇದ್ದರೆ ಆ ಖಣವು ಇಪ್ಪತ್ತನೆಯ ಶತಮಾನಕ್ಕಿಂತ ಹಿಂದಿನದಲ್ಲ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿಯ ಹೆಸರನ್ನು ಈ ಭಾಗದ ಪ್ರತಿಯೊಂದು ನೂಲಿಗೂ ಅಂಟಿಸುವುದು ಅಭಿಮಾನವೇ ಹೊರತು ಪರೀಕ್ಷೆಯಲ್ಲ.

ಇನ್ನುಳಿದದ್ದು ಮನೆಯವರ ಮಾತು. ಪಂಡಿತರು ಇದನ್ನು ಕಡೆಗಣಿಸುವುದೇ ಹೆಚ್ಚು, ಅದು ತಪ್ಪು. ‘ಅಜ್ಜಿಯ ಕಾಲದ್ದು’ ಎಂಬ ಮಾತಿಗೆ ಬೆಲೆ ಕಡಿಮೆ. ಆದರೆ ‘ಇದು ಚೊಚ್ಚಲಿನ ಕುಬಸದ್ದು’ ಎಂದರೆ ಆ ಮಾತು ಶಾಸನದ ತೂಕದ್ದು. ಗರ್ಭಿಣಿಗೆ ಸೀರೆ ಕುಬಸ ಕೊಡುವ ಆ ಕಾರ್ಯಕ್ಕೆ ಹೊಲಿಸಿದ್ದಾದರೆ, ಹಿರಿಯ ಮಗುವಿನ ಜನನದ ದಾಖಲೆಯಿಂದ ಕುಪ್ಪಸದ ವರ್ಷವನ್ನೇ ಹಿಡಿಯಬಹುದು. ಇಂಥ ಮಾತನ್ನು ಬಲ್ಲ ಮುದುಕಿಯರು ಕಣ್ಮರೆಯಾಗುತ್ತಿದ್ದಾರೆ. ಹಳೆಯ ರೇಷ್ಮೆಬಟ್ಟೆಗಳು ಪಾತ್ರೆಯವರ ಗಂಟಿಗೆ ಸೇರುತ್ತಿವೆ. ಸಂಗ್ರಹಕಾರರು ಕುಪ್ಪಸವನ್ನು ಒಗೆಯುವ ಮೊದಲು, ಕಂಕುಳಿನ ತುಂಡನ್ನು ಬಿಚ್ಚುವ ಮೊದಲು, ಅದನ್ನು ಯಾವ ಕಾರ್ಯಕ್ಕೆ ಯಾರು ಹೊಲಿಸಿದರೆಂಬುದನ್ನು ಚೀಟಿಯಲ್ಲಿ ಬರೆದು ಜೊತೆಗಿಡತಕ್ಕದ್ದು.