ಕುಂಟುವ ಮುಂಗಾಲು: ನೋವಿನ ಮೂಲ ಹುಡುಕುವ ಬಗೆ

ನಾಯಿಯ ಮೈಭಾರದ ಸುಮಾರು ಶೇ. 60ರಷ್ಟು ಮುಂಗಾಲುಗಳ ಮೇಲಿರುತ್ತದೆ. ಹಾಗಾಗಿ ಅಲ್ಲಿನ ಸಣ್ಣ ನೋವೂ ನಡಿಗೆಯನ್ನು ಕೆಡಿಸುತ್ತದೆ. ಬೆಳಗಾವಿ–ವೆಂಗುರ್ಲಾ ರಸ್ತೆಯ ಹಿಂಡಲಗಾದಂಥ ಊರಲ್ಲಿ ಭತ್ತದ ಗದ್ದೆ ಸುತ್ತುವ ನಾಯಿಯೂ ಕುಂಟೀತು, ಬಡಾವಣೆಯ ಲ್ಯಾಬ್ರಡಾರ್ ಮರಿಯೂ ಕುಂಟೀತು. ಎರಡಕ್ಕೂ ಒಂದೇ ನೋವಿನ ಇಂಜೆಕ್ಷನ್ನು, ಒಂದೇ ಕ್ಯಾಲ್ಸಿಯಂ ಡಬ್ಬಿ ಎಂಬ ರೂಢಿ ಖಂಡಿತ ತಪ್ಪು. ಇಂಜೆಕ್ಷನ್ನಿನಿಂದ ನೋವಿನ ಗುರುತೇ ಅಳಿಸಿಹೋಗುತ್ತದೆ. ದೊಡ್ಡ ತಳಿಯ ಮರಿಗೆ ಹೆಚ್ಚಾದ ಕ್ಯಾಲ್ಸಿಯಂ ಎಲುಬಿನ ಬೆಳವಣಿಗೆಯನ್ನೇ ಹಾಳುಮಾಡುತ್ತದೆ.

ತಪಾಸಣೆ ಮೇಜಿನ ಮೇಲಲ್ಲ, ಅಂಗಳದಲ್ಲಿ ಶುರುವಾಗಬೇಕು. ಹಗ್ಗ ಸಡಿಲ ಬಿಟ್ಟು ನಾಯಿಯನ್ನು ನಿಧಾನವಾಗಿ ಓಡಿಸಿದರೆ, ನೋವಿನ ಕಾಲು ನೆಲಕ್ಕೆ ತಾಗುವಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಊರುವಾಗ ತಗ್ಗುತ್ತದೆ. ಇದನ್ನು ತಿರುವುಮುರುವಾಗಿ ಓದಿ ಸರಿಯಿರುವ ಕಾಲಿಗೆ ಪಟ್ಟಿ ಕಟ್ಟುವುದೂ ಉಂಟು.

ಆಮೇಲೆ ಪಂಜ. ಬೆರಳ ಸಂದುಗಳನ್ನು ಒಂದೊಂದಾಗಿ ಬಿಡಿಸಿ ನೋಡಬೇಕು: ಮುರಿದ ಮುಳ್ಳು, ಸೀಳಿದ ಉಗುರು, ಒಳಹೊಕ್ಕ ಹುಲ್ಲಿನ ಮೊನೆ, ಕಚ್ಚಿಕೊಂಡ ಉಣ್ಣೆ. ಗದ್ದೆಯ ನಾಯಿಯ ಕುಂಟು ಎಷ್ಟೋ ಸಲ ಇಲ್ಲೇ ಬಗೆಹರಿಯುತ್ತದೆ. ಉಣ್ಣೆಯಿಂದ ಹರಡುವ ಜ್ವರ ಕೀಲುಗಳನ್ನೂ ಬಾಧಿಸುವುದರಿಂದ, ಒಂದಕ್ಕಿಂತ ಹೆಚ್ಚು ಕೀಲು ಬಾತಿದ್ದರೆ ರಕ್ತ ಪರೀಕ್ಷೆ ಬೇಕೇ ಬೇಕು.

ಪಂಜದಿಂದ ಮೇಲಕ್ಕೆ ಪ್ರತಿ ಕೀಲನ್ನೂ ಮಡಚಿ, ಚಾಚಿ, ಎಲುಬನ್ನು ಒತ್ತಿ ನೋಡಬೇಕು. ಒಳ್ಳೆಯ ಕಾಲನ್ನು ಮೊದಲು ಮುಟ್ಟಿದರೆ ನಾಯಿಯ ಸಹಜ ಪ್ರತಿಕ್ರಿಯೆ ಯಾವುದು, ನೋವಿನದು ಯಾವುದು ಎಂಬ ವ್ಯತ್ಯಾಸ ಸಿಗುತ್ತದೆ. ಮುಧೋಳದಂಥ ಓಟದ ತಳಿಯಲ್ಲಿ ಬೆರಳು, ಮಣಿಕಟ್ಟುಗಳನ್ನು ವಿಶೇಷವಾಗಿ ಗಮನಿಸಬೇಕು. ಲ್ಯಾಬ್ರಡಾರ್, ರಾಟ್‌ವೀಲರ್, ಜರ್ಮನ್ ಶೆಫರ್ಡ್ ಮರಿಗಳು ನಾಲ್ಕೈದು ತಿಂಗಳ ನಂತರ ಕುಂಟಿದರೆ ಮೊಣಕೈಯ ಬೆಳವಣಿಗೆಯ ದೋಷದ ಶಂಕೆ ಮೊದಲು ಬರಬೇಕು. ಅದು ಹೆಚ್ಚಾಗಿ ಎರಡೂ ಕಾಲುಗಳಲ್ಲಿರುವುದರಿಂದ ಎರಡರದ್ದೂ ಎಕ್ಸ್‌ರೇ ತೆಗೆಯಬೇಕು. ಎಕ್ಸ್‌ರೇ ಶುದ್ಧವಾಗಿ ಕಂಡರೂ ಮೊಣಕೈ ಸರಿಯಿದೆ ಎನ್ನುವಂತಿಲ್ಲ. ಒಳಗಿನ ಸಣ್ಣ ಎಲುಬಿನ ಚೂರು ಸಿಟಿ ಸ್ಕ್ಯಾನಿನಲ್ಲಷ್ಟೇ ಸಿಕ್ಕೀತು. ಕುಂಟು ಇವತ್ತು ಈ ಕಾಲು, ಮುಂದಿನ ವಾರ ಆ ಕಾಲು ಎಂದು ಜಾಗ ಬದಲಿಸಿದರೆ ಅದು ಎಳೆಯ ಎಲುಬಿನ ಉರಿಯೂತವಿದ್ದೀತು. ಅದು ಕಾಲಕ್ರಮೇಣ ತಾನಾಗಿ ಇಳಿಯುತ್ತದೆ.

ಕಾಲಲ್ಲಿ ಏನೂ ಸಿಗದಾಗ ಕುತ್ತಿಗೆ ನೋಡಬೇಕು. ಅಲ್ಲಿ ನರ ಒತ್ತಿದರೂ ನಾಯಿ ಮುಂಗಾಲು ಎತ್ತಿ ಹಿಡಿಯುತ್ತದೆ.

ವಯಸ್ಸಾದ ದೊಡ್ಡ ನಾಯಿಯಲ್ಲಿ ಭುಜದ ಹತ್ತಿರ ಅಥವಾ ಮಣಿಕಟ್ಟಿನ ಮೇಲ್ಭಾಗದಲ್ಲಿ ಗಟ್ಟಿ ಬಾವು ಕಂಡರೆ ಅಂದೇ ಎಕ್ಸ್‌ರೇ ಆಗಬೇಕು. ಎಲುಬಿನ ಕ್ಯಾನ್ಸರ್ ಹೆಚ್ಚಾಗಿ ಹಿಡಿಯುವ ಜಾಗಗಳಿವು. ಬರೀ ನೋವಿನ ಔಷಧಿಯ ಮೇಲೆ ವಾರಗಟ್ಟಲೆ ಓಡಾಡಿಸಿದರೆ ಟೊಳ್ಳಾದ ಎಲುಬು ಒಂದು ಸಣ್ಣ ಜಿಗಿತಕ್ಕೇ ಮುರಿಯಬಹುದು.