ಕೇಳ್ಮೆಗೆಂದೇ ಎದ್ದ ಅಲೆ

ಸಂಗೀತ ಮಂದಿರದ ಹೊರರೂಪ ಎಷ್ಟೇ ಬೆರಗು ಹುಟ್ಟಿಸಲಿ, ಅದರ ಯೋಗ್ಯತೆ ತೀರ್ಮಾನವಾಗುವುದು ಒಳಗೆ ಮೊದಲ ಸ್ವರ ಹೊಮ್ಮಿದಾಗ. ನೀರಿನಂಚಿನಲ್ಲಿ ಎದ್ದಿರುವ ಹೊಸಕಾಲದ ಮಂದಿರಗಳಲ್ಲಿ ಈ ಪರೀಕ್ಷೆಗೆ ಧೈರ್ಯವಾಗಿ ನಿಲ್ಲುವಂಥದ್ದು ಜರ್ಮನಿಯ ಹ್ಯಾಂಬರ್ಗ್‌ನ ಎಲ್ಬ್‌ಫಿಲ್‌ಹಾರ್ಮೊನಿ. ಊರಿನವರ ಬಾಯಲ್ಲಿ ಅದು ‘ಎಲ್ಫಿ’.

ಎಲ್ಬ್ ನದಿಯ ಬಂದರಿನಲ್ಲಿ 1960ರ ದಶಕದ ಇಟ್ಟಿಗೆ ಗೋದಾಮೊಂದಿತ್ತು. ಕೋಕೋ, ಚಹಾ, ತಂಬಾಕನ್ನು ಅಲ್ಲಿ ದಾಸ್ತಾನಿಡುತ್ತಿದ್ದರು. ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿಗಳಾದ ಹರ್ಜೋಗ್ ಮತ್ತು ಡಿ ಮ್ಯುರಾನ್ ಅದರ ಹೊರಗೋಡೆಗಳನ್ನು ಹಾಗೇ ಉಳಿಸಿಕೊಂಡು, ಮೇಲೆ ಗಾಜಿನ ಕಟ್ಟಡ ನಿಲ್ಲಿಸಿದರು. ತುದಿ ಸುಮಾರು 110 ಮೀಟರ್ ಎತ್ತರದಲ್ಲಿದ್ದು, ಸೂರು ಅಲೆಯಲೆಯಾಗಿ ಏರಿಳಿಯುತ್ತದೆ. ಸಾವಿರಕ್ಕೂ ಹೆಚ್ಚು ಗಾಜಿನ ಫಲಕಗಳಲ್ಲಿ ಹಲವನ್ನು ಕಾಯಿಸಿ ಬಾಗಿಸಿದ್ದಾರೆ. ಹಾಗಾಗಿ ಮೋಡ, ನೀರು, ಹಡಗುಗಳ ಬಿಂಬ ಅದರ ಮೈಮೇಲೆ ಸದಾ ಕದಲುತ್ತಿರುತ್ತದೆ. ಇಟ್ಟಿಗೆ ಮುಗಿದು ಗಾಜು ಶುರುವಾಗುವ 37 ಮೀಟರ್ ಎತ್ತರದಲ್ಲಿ ಒಂದು ಪ್ಲಾಜಾ ಇದೆ. ಕಛೇರಿಯ ಟಿಕೆಟ್ ಇಲ್ಲದವರೂ ಅಲ್ಲಿಗೆ ಹೋಗಿ ಬಂದರನ್ನು ಸುತ್ತು ಹಾಕಿ ನೋಡಬಹುದು.

ನನ್ನ ಮೆಚ್ಚುಗೆಯ ಬಹುಪಾಲು ಸಲ್ಲುವುದು ಮಾತ್ರ ಕಣ್ಣಿಗೆ ಸುಲಭಕ್ಕೆ ಬೀಳದ ಕೆಲಸಕ್ಕೆ. ಬಂದರೆಂದಮೇಲೆ ಹಡಗಿನ ಕೂಗು ತಪ್ಪಿದ್ದಲ್ಲ. ಅದು ಪಿಟೀಲಿನ ಎಳೆಗೆ ಅಡ್ಡ ಬರದಂತೆ ಇಡೀ ದೊಡ್ಡ ಸಭಾಂಗಣವನ್ನು ದೈತ್ಯ ಸ್ಪ್ರಿಂಗುಗಳ ಮೇಲೆ ಕೂರಿಸಿ, ಉಳಿದ ಕಟ್ಟಡದಿಂದ ಬೇರ್ಪಡಿಸಿದ್ದಾರೆ. ಒಳಗೋಡೆ, ಛಾವಣಿಗಳಿಗೆ ಜಿಪ್ಸಮ್ ಮತ್ತು ಕಾಗದದ ನಾರಿನ ಸುಮಾರು 10,000 ಹಲಗೆಗಳ ಹೊದಿಕೆ. ಹತ್ತಿರದಿಂದ ನೋಡಿದರೆ ಮೈತುಂಬ ಚಿಪ್ಪಿನಾಕಾರದ ಕುಳಿಗಳು. ಕೆಲವು ಆಳ, ಕೆಲವು ತೆಳು, ಒಂದು ಹಲಗೆಯಂತೆ ಇನ್ನೊಂದಿಲ್ಲ. ಇವು ಅಲಂಕಾರಕ್ಕೆ ಕೆತ್ತಿದವಲ್ಲ. ನುಣುಪು ಗೋಡೆಗೆ ಬಡಿದ ನಾದ ಒಂದೇ ದಿಕ್ಕಿಗೆ ತಿರುಗಿ ಬರುತ್ತದೆ. ಕುಳಿಗಳು ಅದನ್ನು ಚದುರಿಸಿ ಸಭೆಗೆಲ್ಲ ಹಂಚುತ್ತವೆ. ಇದರ ಲೆಕ್ಕಾಚಾರದ ಹಿಂದೆ ಇದ್ದವರು ಜಪಾನಿನ ಧ್ವನಿತಜ್ಞ ಯಾಸುಹಿಸಾ ಟೊಯೊಟಾ.

ಸುಮಾರು 2,100 ಆಸನಗಳು ವೇದಿಕೆಯನ್ನು ಸುತ್ತುವರಿದು ಮೇಲೇರುತ್ತವೆ. ವಾದ್ಯವೃಂದದ ನಿರ್ದೇಶಕರಿಂದ 30 ಮೀಟರಿಗಿಂತ ದೂರದಲ್ಲಿ ಯಾರೂ ಕೂರುವುದಿಲ್ಲ. ಹಾಗೆಂದು ಎಲ್ಲ ಜಾಗವೂ ಎಲ್ಲ ಕಛೇರಿಗೂ ಒಂದೇ ಅಲ್ಲ. 2019ರ ಜನವರಿಯಲ್ಲಿ ಟೆನರ್ ಗಾಯಕ ಯೋನಾಸ್ ಕೌಫ್‌ಮನ್ ಮಾಹ್ಲರ್ ಕೃತಿ ಹಾಡುವಾಗ, ದನಿ ಕೇಳಿಸುತ್ತಿಲ್ಲವೆಂದು ಕೆಲವು ಶ್ರೋತೃಗಳು ನಡುವೆಯೇ ಗೊಣಗಿದ್ದು ದೊಡ್ಡ ಸುದ್ದಿಯಾಯಿತು. ಮನುಷ್ಯನ ಕಂಠ ಮುಖವಿರುವ ಕಡೆಗೇ ಹೆಚ್ಚು ಹರಿಯುತ್ತದೆ. ಬೆನ್ನ ಹಿಂದೆ ಕೂತವರಿಗೆ ವಾದ್ಯಗಳೇ ಮುಂದಾಗುತ್ತವೆ. ಗಾಯನಕ್ಕೆ ಹೋಗುವವರು ಗಾಯಕರ ಎದುರಿನ ಸೀಟನ್ನೇ ಹಿಡಿಯಬೇಕು. ಬರೀ ವಾದ್ಯವೃಂದವಾದರೆ ಹಿಂಬದಿಯೇ ಚೆನ್ನ: ನಿರ್ದೇಶಕರ ಮುಖಭಾವ, ಕೈಸನ್ನೆಗಳೆಲ್ಲ ನೇರ ನಮ್ಮತ್ತಲೇ ಬರುತ್ತವೆ.

2007ರಲ್ಲಿ ಆರಂಭವಾದ ಕಾಮಗಾರಿ ಮೂರು ವರ್ಷದಲ್ಲಿ ಮುಗಿಯಬೇಕಿತ್ತು. ಬಾಗಿಲು ತೆರೆದದ್ದು 2017ರ ಜನವರಿಯಲ್ಲಿ. ನಗರ ಮೊದಲು ಅಂದಾಜಿಸಿದ್ದು 77 ದಶಲಕ್ಷ ಯೂರೊ, ಕೊನೆಗೆ ತೆತ್ತದ್ದು 789 ದಶಲಕ್ಷ. ತೆರಿಗೆ ಕಟ್ಟಿದವರ ಸಿಟ್ಟು ಪೂರ್ತಿ ನ್ಯಾಯವಾದದ್ದೇ. ಅಂದಾಜಿನಲ್ಲಿ ಆದ ಎಡವಟ್ಟನ್ನು ಕಟ್ಟಡದ ಚೆಲುವು ಮುಚ್ಚಿಹಾಕಬಾರದು. ಆದರೆ ಇಷ್ಟು ಹಣ ಬೀಳುವ ಕಡೆ ಧ್ವನಿಯ ಕೆಲಸಕ್ಕೇ ಮೊದಲು ಕತ್ತರಿ ಬೀಳುವುದು ವಾಡಿಕೆ, ಏಕೆಂದರೆ ಅದು ಫೋಟೊದಲ್ಲಿ ಕಾಣುವುದಿಲ್ಲ. ಹ್ಯಾಂಬರ್ಗ್ ಹಾಗೆ ಮಾಡಲಿಲ್ಲ. ರಂಗಮಂದಿರ ಕಟ್ಟಹೊರಟ ಯಾವ ಊರೇ ಆಗಲಿ, ಅದರಿಂದ ಕಲಿಯಬೇಕಾದ್ದು ಗಾಜಿನ ಅಲೆಯನ್ನಲ್ಲ, ಈ ಹಟವನ್ನು.