'ಮೋರ್ಯರ ಮನೆ' ಮನೆಯಲ್ಲ. ಹಾಗಾದ್ರೆ ಮನೆ ಎಲ್ಲಿ?

ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿ ಬಂದವರ ಫೋಟೊಗಳ ಕೆಳಗೆ ಸಾಮಾನ್ಯವಾಗಿ ಒಂದೇ ಬರಹ: ಕುಬ್ಜರಾದ ಮೋರ್ಯರು ಬಾಳಿ ಬದುಕಿದ ಕಲ್ಲಿನ ಮನೆಗಳು. ಮೋರ್ಯರೆಂದರೆ ಮೌರ್ಯರೇ, ಪಕ್ಕದ ಕೊಪ್ಪಳದಲ್ಲೇ ಅಶೋಕನ ಶಾಸನ ಇಲ್ವಾ ಅಂತ ಸೇರಿಸುವವರೂ ಇದ್ದಾರೆ. ಎರಡು ಮಾತೂ ನಿಲ್ಲೋದಿಲ್ಲ.

ಮೊದಲು ಶಾಸನದ ಮಾತು. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳಲ್ಲಿ 'ಮೌರ್ಯ' ಎಂಬ ಪದವೇ ಇಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿ ಶಾಸನದಲ್ಲೂ ವಂಶದ ಹೆಸರಿಲ್ಲ. ಬರೀ ಸದ್ದಿನ ಹೋಲಿಕೆಯಿಂದ ಚರಿತ್ರೆ ಕಟ್ಟೋಕಾಗಲ್ಲ. ಈ ಸೀಮೆಯಲ್ಲಿ ಬೃಹತ್ ಶಿಲಾಸಮಾಧಿ ಕಟ್ಟುವ ರೂಢಿ ಅಶೋಕನಿಗಿಂತ ಹಳೆಯದು.

ಇನ್ನು ಕಟ್ಟಡ. ಸುತ್ತ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಹಲವುಗಳ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಇವು ಡಾಲ್ಮೆನ್‌ಗಳು, ಸತ್ತವರಿಗಾಗಿ ಎತ್ತಿದವು. ಹಳ್ಳಿಯವರು 'ಮನೆ' ಅಂದದ್ದು ಆಕಾರ ನೋಡಿ, ಅದು ತಪ್ಪೇನಲ್ಲ. ಓದಿಕೊಂಡ ನಾವು ಅದನ್ನೇ ವಾಸದ ಪುರಾವೆ ಮಾಡಿದ್ದು ತಪ್ಪು.

ಹಾಗಾದ್ರೆ ಬದುಕಿದ್ದವರ ಮನೆ ಎಲ್ಲಿ? ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ ಗುಡ್ಡ ನೋಡಿ. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. 1965ರಲ್ಲಿ ಅವರೂ ಕೆ. ಸಿ. ಮಲ್ಹೋತ್ರಾ ಅವರೂ ಸೇರಿ ವರದಿಯನ್ನು ಪುಸ್ತಕವಾಗಿ ತಂದರು. ಬಂಡೆಗಳ ನಡುವೆ ಸಮಮಾಡಿದ ನೆಲ, ದುಂಡು ಗುಡಿಸಲುಗಳ ಗುರುತು, ಅಲ್ಲೇ ಮಡಕೆಯಲ್ಲಿಟ್ಟು ಹೂಳಿದ ಎಳೆಮಕ್ಕಳು. ಕಾಲ ಕ್ರಿ.ಪೂ. ಎರಡನೆಯ ಸಹಸ್ರಮಾನ, ಹಿರೇಬೆಣಕಲ್ಲಿಗಿಂತ ಹಿಂದಿನದು. ಕಡ್ಡಿ, ಮಣ್ಣು, ಹುಲ್ಲು ಎಲ್ಲ ಕರಗಿಹೋಗಿವೆ. ಉಳಿದದ್ದು ನೆಲ ಮತ್ತು ಕಲ್ಲು.

ನನ್ನ ತಕರಾರು ಇರೋದು ಇಲ್ಲೇ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೊ ತಾತ್ಕಾಲಿಕ ಪಟ್ಟಿ ಸೇರಿತು, ಸಂತೋಷ. ಆದರೆ ಗೋರಿಯನ್ನೇ ಮನೆ ಅಂದುಕೊಂಡರೆ ನಿಜವಾದ ಮನೆಯನ್ನು ಯಾರೂ ಹುಡುಕಲ್ಲ. ನಿಂತ ಕಲ್ಲಿಗೆ ಕ್ಯಾಮೆರಾ ಇದೆ, ಗುಡಿಸಲಿನ ನೆಲಕ್ಕೆ ಕೇಳೋರಿಲ್ಲ. ಸಂಗನಕಲ್ಲಿನ ನವಶಿಲಾಯುಗದ ಗುಡ್ಡಗಳಲ್ಲಿ ಗ್ರಾನೈಟ್ ಕ್ವಾರಿ ಮಾಡಿದ ಹಾನಿ ಕಣ್ಣೆದುರಿಗಿದೆ. ಒಮ್ಮೆ ಒಡೆದ ನೆಲವನ್ನು ಮತ್ತೆ ಓದೋಕಾಗಲ್ಲ. ಅದಕ್ಕೆ ಪಡಿಯಚ್ಚೂ ಇರಲ್ಲ.

ಮುಂದಿನ ಸಲ ಗುಡ್ಡ ಹತ್ತಿದಾಗ ಕಾಲ ಕೆಳಗೂ ನೋಡಿ. ಬಂಡೆಯ ಮೇಲೆ ಕೊಡಲಿ ಮಸೆದ ಗುಳಿ, ಸಮಮಾಡಿದ ತಾವು, ಬೋಕಿಚೂರು ಕಂಡರೆ ಫೋಟೊ ತೆಗೀರಿ, ಆದರೆ ಎತ್ಕೊಂಡು ಬರಬೇಡಿ. ಮನೆ ಅಲ್ಲಿರಬಹುದು.